ಓನ್ಲಿ ಯಾರಿಗೆ ಸೇರಿದ್ದು?

ಇಂಗ್ಲಿಷ್ ವ್ಯಾಕರಣದಲ್ಲಿ ಪದಗಳಿಗೆ ಎಂಟು ಮನೆತನ. ಅವುಗಳಲ್ಲಿ ಏಳರ ಬಗ್ಗೆ ನನ್ನದೇನೂ ತಕರಾರಿಲ್ಲ. ನಾಮಪದ ತನ್ನ ಹೆಸರು ಹೇಳಿಕೊಂಡು ತೆಪ್ಪಗಿರುತ್ತದೆ. ಸರ್ವನಾಮ ಅದು ರಜೆ ಹಾಕಿದಾಗ ಬದಲಿ ಡ್ಯೂಟಿಗೆ ಬರುತ್ತದೆ. ಕ್ರಿಯಾಪದ ದುಡಿಯುತ್ತದೆ, ವಿಶೇಷಣ ಹೊಗಳುತ್ತದೆ, ಉಳಿದವು ಅವರಿವರ ನಡುವೆ ಸಂಬಂಧ ಕೂಡಿಸುತ್ತ ಓಡಾಡುತ್ತವೆ. ನನ್ನ ತಲೆ ತಿನ್ನುವುದು ಅಡ್ವರ್ಬ್ ಒಂದೇ. ತೆಲಂಗಾಣದ ಗಡಿಯ ನಾರಾಯಣಖೇಡದ ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಆದರೂ ಅಡ್ವರ್ಬ್ ಅಂದರೆ ಏನು ಎಂದು ಯಾರಾದರೂ ದಿಢೀರನೆ ಕೇಳಿದರೆ ನಾನು ಮೊದಲು ಒಮ್ಮೆ ಕೆಮ್ಮುತ್ತೇನೆ.

ಪುಸ್ತಕದಲ್ಲಿರುವ ಉತ್ತರ ಸುಲಭವಾಗಿಯೇ ಇದೆ. ಕ್ರಿಯಾಪದವನ್ನು ವಿಶೇಷಿಸುವುದು ಕ್ರಿಯಾವಿಶೇಷಣ. ಆದರೆ ಆ ಮಹಾರಾಯ ಅಷ್ಟಕ್ಕೇ ನಿಲ್ಲುವವನಲ್ಲ. ವಿಶೇಷಣದ ಬೆನ್ನಿಗೂ ಬೀಳುತ್ತಾನೆ, ತನ್ನದೇ ಮನೆತನದ ಇನ್ನೊಂದು ಅಡ್ವರ್ಬಿನ ಹೆಗಲಿಗೂ ಕೈ ಹಾಕುತ್ತಾನೆ, ಬೇಜಾರಾದರೆ ಇಡೀ ವಾಕ್ಯದ ನೆತ್ತಿಯ ಮೇಲೆ ಹತ್ತಿ ಕೂರುತ್ತಾನೆ. ನನ್ನ ಅನುಮಾನ ಇಷ್ಟು: ಹಿಂದಿನ ಕಾಲದ ಪಂಡಿತರು ಎಲ್ಲ ಪದಗಳನ್ನೂ ಅವುಗಳ ಕೋಣೆಗೆ ಸೇರಿಸಿ, ಎಲ್ಲೂ ಹಿಡಿಸದೆ ಉಳಿದವನ್ನು ಅಟ್ಟಕ್ಕೆ ಎಸೆದು, ಆ ಅಟ್ಟಕ್ಕೆ ಅಡ್ವರ್ಬ್ ಎಂದು ಬೋರ್ಡು ಬರೆಸಿರಬೇಕು. ನಿನ್ನೆ, ನಾಳೆ, ಇಲ್ಲಿ, ಅಲ್ಲಿ, ಬಹಳ, ಬಹುಶಃ ಎಲ್ಲವೂ ಆ ಅಟ್ಟದಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿವೆ.

ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ಕನ್ನಡದಲ್ಲಿ ಜಗಳಾಡುತ್ತಾರೆ, ಶಾಲೆಯಲ್ಲಿ ತೆಲುಗಿನಲ್ಲಿ ಓದುತ್ತಾರೆ, ಬಜಾರಿನಲ್ಲಿ ದಖ್ಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾರೆ. ಇವೆಲ್ಲ ಮುಗಿಸಿ ದಣಿದು ಬಂದವರಿಗೆ ನಾನು ಇಂಗ್ಲಿಷ್ ಕಲಿಸಬೇಕು. 'ಅವನು ವೇಗವಾಗಿ ಓಡುತ್ತಾನೆ' ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ವೇಗವಾಗಿ ಎಂಬುದೇ ಅಡ್ವರ್ಬ್ ಎಂದು ಗೆರೆ ಎಳೆದಾಗ ಕಲ್ಹೇರಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಓಡೋದಂದ್ರೇ ಜಲ್ದಿ ಹೋಗೋದಲ್ಲೇನ್ರಿ? ಸಾವಕಾಶ ಯಾರರ ಓಡ್ತಾರೇನು?"

ಡಾಕ್ಟರರ ಮಾತು ಕೇಳಿ ದಿನಾ ಬೆಳಿಗ್ಗೆ ಮೈದಾನದಲ್ಲಿ ನಾನು ಓಡುವುದನ್ನು ಅವಳು ನೋಡಿರಲಿಲ್ಲ. ನನ್ನನ್ನು ದಾಟಿ ನಡೆದುಕೊಂಡೇ ಮುಂದೆ ಹೋಗುವವರು ಬಹಳ ಜನರಿದ್ದಾರೆ. ಆದರೆ ಇಂಥ ಉದಾಹರಣೆಗಳನ್ನು ಮೇಷ್ಟ್ರು ತರಗತಿಗೆ ತರಬಾರದು. ಅದಕ್ಕೆ ಅಡ್ಡದಾರಿಯೊಂದನ್ನು ತೋರಿಸಿಕೊಟ್ಟೆ: ಪದದ ಕೊನೆಗೆ ಎಲ್-ವೈ ಅಕ್ಷರಗಳಿದ್ದರೆ ಸಾಮಾನ್ಯವಾಗಿ ಅದು ಅಡ್ವರ್ಬ್. ಮರುದಿನ ಮಕ್ಕಳು ಹುಡುಕಿಕೊಂಡು ಬಂದ ಅಡ್ವರ್ಬುಗಳು ಹೀಗಿದ್ದವು: ಫ್ಯಾಮಿಲಿ, ಜುಲೈ, ಇಡ್ಲಿ. ಫ್ಯಾಮಿಲಿಯನ್ನೂ ಜುಲೈಯನ್ನೂ ಹೊರಗೆ ಕಳಿಸಿದೆ. ಇಡ್ಲಿಯ ಮುಂದೆ ಮಾತ್ರ ತಡವರಿಸಿದೆ. ನಮ್ಮ ಹೋಟೆಲುಗಳ ಬೋರ್ಡಿನಲ್ಲಿ ಬರೆಯುವ ಇಡ್ಲಿಗೂ, ಸೋಮಾರಿಯಾಗಿ ಎಂಬ ಅರ್ಥದ ಅಪ್ಪಟ ಇಂಗ್ಲಿಷ್ ಅಡ್ವರ್ಬಿಗೂ ಕಾಗುಣಿತ ಒಂದೇ. ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎರಡೂ ಅರ್ಥಗಳು ಒಂದೇ ತಟ್ಟೆಯ ಮುಂದೆ ಕೂತಿರುತ್ತವೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಕನ್ನಡದವರಿಗೆ ಅಡ್ವರ್ಬಿನ ಬರವಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಾವು ಸರಸರ ನಡೆಯುತ್ತೇವೆ, ಪಟಪಟ ಮಾತಾಡುತ್ತೇವೆ, ಗಪ್ಪನೆ ಕೂರುತ್ತೇವೆ. ಎಲ್ಲಕ್ಕಿಂತ ದೊಡ್ಡದು 'ಸುಮ್ಮನೆ'. ತಾಂಡೂರಿನಿಂದ ಬಸ್ಸು ಬದಲಿಸಿಕೊಂಡು ಬಂದ ನೆಂಟರನ್ನು ಯಾಕೆ ಬಂದಿರಿ ಎಂದು ಕೇಳಿದರೆ "ಸುಮ್ನ ಬಂದೀವ್ರಿ" ಅನ್ನುತ್ತಾರೆ. ಅದನ್ನು ಸಿಂಪ್ಲಿ ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಪಾಪ, ಸಾದಾ ಬಟ್ಟೆ ಹಾಕಿಕೊಂಡು ಬಂದರು ಎಂದೇನೋ ಅರ್ಥವಾಗುತ್ತದೆ. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗುವ ಸುಖವೇ ಗೊತ್ತಿಲ್ಲದ ಜನ ಆ ಪದವನ್ನಾದರೂ ಯಾಕೆ ಮಾಡಿಟ್ಟುಕೊಳ್ಳುತ್ತಾರೆ?

ಆದರೆ ನಾನು ಇವತ್ತು ಬರೆಯಲು ಕೂತದ್ದು ಬೇರೊಂದು ಪದದ ಸಲುವಾಗಿ. ಅದೂ ಎಲ್-ವೈನಿಂದಲೇ ಮುಗಿಯುತ್ತದೆ. ಓನ್ಲಿ. ಈ ಪುಟ್ಟ ಪದ ನನ್ನ ಅಕ್ಕನ ಮನೆಯಲ್ಲಿ ಎಬ್ಬಿಸಿದ ಗದ್ದಲವನ್ನು ನೋಡಿದ ಮೇಲೆ ವ್ಯಾಕರಣದ ಬಗ್ಗೆ ನನಗಿದ್ದ ಸೊಕ್ಕು ಸ್ವಲ್ಪ ಇಳಿದಿದೆ.

ಅಕ್ಕ ಶಾಂತಾ ಇರುವುದು ಜಹೀರಾಬಾದಿನಲ್ಲಿ. ಭಾವ ವೀರಣ್ಣ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಒಬ್ಬಳೇ ಮಗಳು ಭಾಗ್ಯ. ವಿಮೆಯ ಆಫೀಸಿನಲ್ಲಿ ಕೆಲಸ, ಚುರುಕು ನಾಲಗೆ, ವಯಸ್ಸು ಮೂವತ್ತು ದಾಟಿದೆ. ಈ ಕೊನೆಯ ಸಂಗತಿಯನ್ನು ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ದಿನಕ್ಕೊಮ್ಮೆ ನೆನಪು ಮಾಡಿಕೊಳ್ಳುತ್ತಿದ್ದರು. ಅವಳನ್ನು ನೋಡಲು ಬಹಳ ಮಂದಿ ಬಂದು ಹೋಗಿದ್ದಾರೆ. ಬರುವವರು ಮನೆ ನೋಡುತ್ತಾರೆ, ಭಾವನ ಪೆನ್ಷನ್ ನೋಡುತ್ತಾರೆ, ಗೋಡೆಗಂಟಿದ ಟೀವಿ ನೋಡುತ್ತಾರೆ, ಚುಡವಾ ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ "ನೋಡ್ತೀವ್ರಿ" ಅನ್ನುತ್ತಾರೆ. ಇಷ್ಟು ಹೊತ್ತು ಮಾಡಿದ್ದೇನು ಎಂದು ಕೇಳುವ ಹಾಗಿಲ್ಲ. ನಮ್ಮ ಕಡೆ ನೋಡ್ತೀವಿ ಎಂಬುದು ಭವಿಷ್ಯತ್ಕಾಲದ ಕ್ರಿಯಾಪದವಲ್ಲ, ಇಲ್ಲ ಎಂಬುದರ ಮರ್ಯಾದೆಯ ರೂಪ. ಮೊದಮೊದಲು ಭಾಗ್ಯ ಅದನ್ನು ಅನುಕರಣೆ ಮಾಡಿ ನಮ್ಮನ್ನು ನಗಿಸುತ್ತಿದ್ದಳು. ಈಚೆಗೆ ನಗಿಸುವುದನ್ನು ಬಿಟ್ಟಿದ್ದಳು.

ಕಳೆದ ಬೇಸಗೆಯಲ್ಲಿ ಒಂದು ಸೋಮವಾರ ಮಲ್ಲಿನಾಥ ಬಂದ. ಸಿರ್ಗಾಪುರದ ಕಡೆಯವನು, ಮನೆಯವರು ತಲೆಮಾರುಗಳಿಂದ ಕುರಿ ಸಾಕುವವರು. ಇವನು ಓದಿ, ಧಾರೂರಿನ ದನದ ದವಾಖಾನೆಯಲ್ಲಿ ಕೆಲಸ ಹಿಡಿದು, ತಾಂಡೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ಜೊತೆಯಲ್ಲಿ ಅವನ ಅಕ್ಕ ಮಾತ್ರ ಬಂದಿದ್ದರು. ಸೋದರಮಾವನಾದ ನನ್ನನ್ನೂ ಕರೆಸಿದ್ದರು. "ಹುಡುಗಿಯ ಮಾಮಾ ಇಂಗ್ಲಿಷ್ ಲೆಕ್ಚರರ್" ಎಂದು ಭಾವ ಪರಿಚಯ ಮಾಡಿಕೊಟ್ಟಾಗ ಆ ಹುಡುಗ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟುಬಿಟ್ಟ. ನನ್ನ ವೃತ್ತಿಯ ಬಗ್ಗೆ ಅಷ್ಟು ಭಯಭಕ್ತಿ ತೋರಿಸಿದವರನ್ನು ನಾನು ತರಗತಿಯಲ್ಲೂ ಕಂಡಿರಲಿಲ್ಲ. ಅವನ ಮೇಲೆ ನನಗೆ ತಕ್ಷಣ ಒಳ್ಳೆಯ ಅಭಿಪ್ರಾಯ ಮೂಡಿತು.

ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಇಬ್ಬರನ್ನೂ ಮಾಳಿಗೆಗೆ ಕಳಿಸಿದೆವು. ಅಕ್ಕ ಚುಡವಾ ಕೊಡುವ ನೆಪದಲ್ಲಿ ಮೆಟ್ಟಿಲ ನಡುವೆ ನಿಂತಳು. ನಾನು ಮೆಟ್ಟಿಲ ಕೆಳಗೆ ನೀರಿನ ಮೋಟರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದೆ. ಮೋಟರಿನ ಬಗ್ಗೆ ನನಗೆ ಏನೂ ತಿಳಿಯದು. ಮೇಲಿನಿಂದ ಮೊದಲು "ಬಿಸಲು ಭಾಳ ಅದರಿ" ಎಂದು ಕೇಳಿಸಿತು. "ಹೌದ್ರಿ" ಎಂದು ಭಾಗ್ಯ ಹೇಳಿದಳು. ಆಮೇಲೆ ಅವಳ ಆಫೀಸು, ಅವನ ದವಾಖಾನೆ, ಕುರಿಗಳಿಗೆ ಬರುವ ಕಾಲುಬೇನೆ. ಎಲ್ಲವೂ ನಮ್ಮ ಚೊಕ್ಕ ಕನ್ನಡದಲ್ಲೇ ನಡೆದಿತ್ತು. ಅವಳು ಎರಡು ಸಲ ನಕ್ಕದ್ದೂ ಕೇಳಿಸಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ಬೀದಿಯವರೆಗೂ ಕೇಳುವ ಹಾಗೆ ಒಂದು ಇಂಗ್ಲಿಷ್ ವಾಕ್ಯ:

"ಐ ಲೈಕ್ ಯೂ ಓನ್ಲಿ!"

ಉತ್ತರಕ್ಕೂ ಕಾಯದೆ ಅವನು ದಡದಡ ಮೆಟ್ಟಿಲಿಳಿದು ಬಂದು, ಅಕ್ಕನ ತಟ್ಟೆಯಿಂದ ಹಿಡಿ ಚುಡವಾ ಬಾಯಿಗೆ ಹಾಕಿಕೊಂಡು, ಹೊರಗೆ ಹೋಗಿ ಬೇವಿನ ನೆರಳಿನಲ್ಲಿ ನಿಂತುಬಿಟ್ಟ. ಹೊರಡುವಾಗ ಅವನ ಅಕ್ಕ ಚಪ್ಪಲಿ ಮೆಟ್ಟಿಕೊಂಡರು. ನಾವೆಲ್ಲ ರೂಢಿಯ ಮಾತಿಗೆ ಕಾದು ನಿಂತೆವು. "ನಮಗ ಪಸಂದ್ ಅದರಿ. ಹುಡಿಗಿ ಮನಸ್ಸೂ ಕೇಳಿ ಗುರುವಾರಕ್ಕ ಹೇಳ್ರಿ" ಅಂದರು. ಈ ಮನೆಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಇನ್ನು ಹೇಳಬೇಕಾದವಳು ಭಾಗ್ಯ.

ಭಾಗ್ಯ "ಓನ್ಲಿ ಅಂದ್ರ ಏನರ್ಥ?" ಎಂದು ಮಾತ್ರ ಕೇಳಿದಳು.

ಅಲ್ಲಿಂದ ಶುರುವಾಯಿತು. "ಅದ್ರಾಗೇನದ, ನನಗೇ ತಿಳೀತು" ಎಂದು ಅಕ್ಕ ಮೊದಲು ಬಾಯಿ ಹಾಕಿದಳು. "ಹುಡಿಗಿ ಒಬ್ಬಾಕಿನೇ ಪಸಂದ್, ಅಪ್ಪ ಅವ್ವ ಯಾರೂ ಪಸಂದ್ ಇಲ್ಲ ಅಂದಂಗಾತಲ್ಲೋ! ಲಗ್ನ ಆದ ಮ್ಯಾಲ ಹಬ್ಬಕ್ಕರ ತವರಿಗಿ ಕಳಸ್ತಾನೇನು ಇಂವ?"

ಭಾವನ ಜೀವಮಾನವೆಲ್ಲ ಚೆಕ್ಕುಗಳ ನಡುವೆ ಕಳೆದಿತ್ತು. ಅವರಿಗೆ ಗೊತ್ತಿದ್ದ ಓನ್ಲಿ ಬೇರೆ. "ಚೆಕ್ಕಿನ್ಯಾಗ ಮೊತ್ತ ಬರದ ಮ್ಯಾಲ ಓನ್ಲಿ ಅಂತ ಯಾಕ ಬರೀತೀವಿ? ಮುಂದ ಯಾರೂ ಏನೂ ಸೇರಸಬಾರ್ದಂತ. ಹುಡುಗ ಖಾತ್ರಿ ಕೊಟ್ಟಾನ ನೋಡು. ಇಕಿ ಆದ ಮ್ಯಾಲ ಇನ್ಯಾರೂ ಇಲ್ಲಂತ."

"ಅಂವ ನನ್ನ ಮಗಳಿಗಿ ಚೆಕ್ ಅಂದ್ಕೊಂಡಾನೇನು?" ಎಂದು ಅಕ್ಕ ರೇಗಿದಳು.

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಗಳಿಗೆ ಇಂಗ್ಲಿಷ್ ಮೇಷ್ಟ್ರ ಬದುಕಿನಲ್ಲಿ ಬಹಳ ಸಲ ಬರುವುದಿಲ್ಲ. ತರಗತಿಯಲ್ಲಿ ಬೇಡವೆಂದರೂ ಹೇಳುತ್ತೇವೆ, ಇಲ್ಲಿ ಕೇಳಿ ಹೇಳಿಸಿಕೊಳ್ಳುತ್ತಿದ್ದಾರೆ. ಗೋಡೆಯ ಕ್ಯಾಲೆಂಡರನ್ನು ತಿರುವಿಹಾಕಿ ಬೆನ್ನ ಮೇಲೆ ಬರೆಯತೊಡಗಿದೆ. ಓನ್ಲಿ ಒಂದು ಚಂಚಲ ಪದ, ಅದು ಯಾರ ಪಕ್ಕ ಕೂರುತ್ತದೋ ಅವರ ಅರ್ಥವೇ ಬದಲಾಗುತ್ತದೆ ಎಂದೆ. ಓನ್ಲಿ ವಾಕ್ಯದ ತಲೆಗೆ ಬಂದರೆ, ನಾನೊಬ್ಬನೇ ನಿನ್ನನ್ನು ಇಷ್ಟಪಡುತ್ತೇನೆ, ಬೇರೆ ಯಾರಿಗೂ ನೀನು ಬೇಡ ಎಂದರ್ಥ. ನಡುವೆ ಬಂದರೆ, ಬರೀ ಇಷ್ಟ ಅಷ್ಟೇ, ಅದಕ್ಕಿಂತ ಹೆಚ್ಚೇನಿಲ್ಲ ಎಂದರ್ಥ. ಕೊನೆಗೆ ಬಂದರೆ ಮಾತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಹೇಳಿ, ಆ ಭಿನ್ನಾಭಿಪ್ರಾಯವನ್ನು ವಿವರಿಸಲು ಉಸಿರೆಳೆದುಕೊಂಡು ತಿರುಗಿದೆ. ಭಾಗ್ಯ ಅಲ್ಲಿರಲಿಲ್ಲ.

ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಬಾಚುತ್ತ ಕೂತಿದ್ದಳು. ನಾನೂ ಪಕ್ಕ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಸೀನಿದೆವು.

"ಮಾಮಾ, ನನ್ನ ನೋಡಾಕ ಎಷ್ಟ್ ಮಂದಿ ಬಂದು ಹೋದ್ರು. ಅಂವನೂ ಅಷ್ಟೇ ಕಡಿ ನೋಡ್ಯಾನಂತ, ಅವರಕ್ಕನೇ ಹೇಳಿದ್ರು. ಎಲ್ಲಾರೂ ಮುಗದು ಉಳದಾಕಿ ನೀನೇ ಅಂತ ಓನ್ಲಿ ಅಂದ್ನೇನು?"

ನಾನು ಒಂದು ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದೆ.

"ಅಂವ ಪಸಂದ್ ಇಲ್ಲಂತಲ್ಲ," ಅಂದಳು. "ಖರೇ ಹೇಳ್ಬೇಕಂದ್ರ ಭಾಳ ಪಸಂದ್ ಇದ್ದಾನ. ಅದಕ್ಕೇ ಆ ಓನ್ಲಿ ಚುಚ್ಚಲಿಕತ್ತದ. ಪಸಂದ್ ಇಲ್ದಾಂವ ಏನರ ಅಂದಿದ್ರೂ ನಡೀತಿತ್ತು."

ನನಗೆ ಬಹಳ ಸಂಕಟವಾಯಿತು. ಬೇರೆ ಯಾರಿಗೂ ನೀನು ಬೇಡ ಎಂಬ ವಾಕ್ಯವನ್ನು ಕೆಳಗೆ ಕ್ಯಾಲೆಂಡರಿನ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ಬರೆದು ಬಂದಿದ್ದವನು ನಾನೇ. ವ್ಯಾಕರಣದ ಪುಸ್ತಕಗಳಲ್ಲಿ ಉದಾಹರಣೆಯ ವಾಕ್ಯಗಳು ಯಾರ ಮನೆಯವೂ ಆಗಿರುವುದಿಲ್ಲ. ಅಲ್ಲಿ ರಾಮ ಹಣ್ಣು ತಿಂದರೂ ಸೀತೆ ಹಾಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಇಲ್ಲಿ ನನ್ನ ಕೈಯಲ್ಲೇ ಆಡಿ ಬೆಳೆದ ಹುಡುಗಿ ಒಂದು ಪದವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅದು ಒಳ್ಳೆಯದಾಗಿ ಕಂಡರೆ ಹೂಂ ಅನ್ನುವವಳು, ಕಾಣದಿದ್ದರೆ ತನಗೆ ಬೇಕಾದವನನ್ನೇ ಬೇಡ ಎನ್ನುವವಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಹಟ ನಮ್ಮ ಮನೆತನದ್ದು.

ಗುರುವಾರ ಬೆಳಿಗ್ಗೆ, ಬೇಸಗೆ ರಜೆಯೆಂದು ಅಲ್ಲೇ ಉಳಿದಿದ್ದ ನನ್ನನ್ನು ಅಕ್ಕ ಶುಂಠಿ ತರಲು ಬಜಾರಿಗೆ ಅಟ್ಟಿದಳು. ಜಹೀರಾಬಾದಿನಲ್ಲಿ ಶುಂಠಿಗೇನು ಕಡಿಮೆ? ವ್ಯಾಪಾರಿಯ ಮುಂದೆ ಸಾಲಾಗಿ ಗುಡ್ಡೆಗಳಿದ್ದವು. ನಾನು ಯಾವುದನ್ನು ಮುಟ್ಟಲಿ ಎಂದು ನೋಡುತ್ತಿರುವಾಗ ಅವನು ಒಂದು ಗುಡ್ಡೆಯನ್ನು ಮುಂದೆ ತಳ್ಳಿ "ಯೇಇಚ್ ಲೇವ್ ಸಾಬ್, ಯೇಇಚ್ ಅಚ್ಛಾ ಹೈ" ಅಂದ. ಇದನ್ನೇ ತಗೊಳ್ಳಿ, ಇದೇ ಚೆನ್ನಾಗಿದೆ. ನನ್ನ ತಲೆಯಲ್ಲಿ ದೀಪ ಹತ್ತಿತು. ಇಚ್! ದಖ್ಖನಿಯ ಇಚ್! ತೆಲುಗಿನಲ್ಲಿ ಮೀರೇ, ಕನ್ನಡದಲ್ಲಿ ನೀವೇ, ದಖ್ಖನಿಯಲ್ಲಿ ತುಮೀಚ್. ನಮ್ಮ ಮೂರೂ ಭಾಷೆಗಳಲ್ಲಿ ಒತ್ತಿ ಹೇಳಲು ಪದದ ಹಿಂದೆ ಒಂದು ಪುಟ್ಟ ಬಾಲವಿದೆ. ಇಂಗ್ಲಿಷಿಗೆ ಅದಿಲ್ಲ. ಅದಕ್ಕೆ ನಾವು ಓನ್ಲಿಯನ್ನು ತಂದು ಕಟ್ಟುತ್ತೇವೆ. ಮಲ್ಲಿನಾಥ ಹೇಳಿದ್ದು ಇಂಗ್ಲಿಷೇ ಅಲ್ಲ, 'ನನಗ ನೀವೇ ಪಸಂದ್' ಎಂಬ ಮಾತಿಗೆ ಪ್ಯಾಂಟು ಹಾಕಿಸಿ ಕಳಿಸಿದ್ದ. ಶುಂಠಿ ಅಂಗಡಿಯಲ್ಲೇ ಬಿಟ್ಟು ಮನೆಗೆ ಓಡಿದೆ. ಸಾವಕಾಶವಾಗಿಯೇ, ಆದರೆ ಓಡಿದೆ.

ಆಫೀಸಿಗೆ ರಜೆ ಹಾಕಿ ಮಾಳಿಗೆಯ ಮೇಲೆ ಕೂತಿದ್ದ ಭಾಗ್ಯಳಿಗೆ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಕನ್ನಡ ವ್ಯಾಕರಣದಲ್ಲಿ ನೀವೇ ಎಂಬುದರ ಕೊನೆಯ ಏಕಾರಕ್ಕೆ ಅವಧಾರಣೆ ಎಂಬ ಗಂಭೀರವಾದ ಹೆಸರೇ ಇದೆ, ಹಲವುಗಳ ನಡುವೆ ಒಂದನ್ನು ಆರಿಸಿ ಇದೇ ಎಂದು ನಿಶ್ಚಯಿಸುವುದು ಅದರ ಕೆಲಸ ಎಂದೂ ವಿವರಿಸಿದೆ. ಗುಡ್ಡೆಗಳ ಸಾಲಿನಲ್ಲಿ ಆ ಒಂದು ಗುಡ್ಡೆಯ ಹಾಗೆ, ಎಂದು ಮುಗಿಸಿದೆ. ಅವಳು ಗಮನವಿಟ್ಟು ಕೇಳಿದಳು.

"ಆ ಶುಂಠಿಯಾಂವ ಎಲ್ಲಾ ಗುಡ್ಡಿಗೂ ಹಂಗೇ ಅಂತಾನ ಮಾಮಾ. ನೀ ಆ ಕಡೀದು ಮುಟ್ಟಿದ್ರ ಅದಕ್ಕೂ ಯೇಇಚ್ ಅಂತಿದ್ದ."

ಇದಕ್ಕೆ ವ್ಯಾಕರಣದಲ್ಲಿ ಉತ್ತರವಿಲ್ಲ. "ಹಂಗಾರ ಅಂವನಿಗೇ ಕೇಳು," ಅಂದೆ. ಇಷ್ಟು ಸರಳವಾದ ಸಂಗತಿ ಸೋಮವಾರದಿಂದ ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಓದಿದವರ ಮನೆಯಲ್ಲಿ ಹೀಗಾಗುತ್ತದೆ.

ಅವಳು ಮೊಬೈಲ್ ಎತ್ತಿಕೊಂಡು ಅವನ ನಂಬರ್ ಒತ್ತಿ ಸ್ಪೀಕರ್ ಹಾಕಿದಳು. "ನೀ ಏಳಬ್ಯಾಡ. ಅಂವ ಮತ್ತ ಇಂಗ್ಲಿಷಿಗಿ ಇಳದ್ರ ಸಂಭಾಳಸು," ಎಂದು ನನ್ನ ಕೈ ಹಿಡಿದು ಕೂರಿಸಿದಳು. ಆ ಕಡೆಯಿಂದ ಮೊದಲು ಕೇಳಿಸಿದ್ದು ಕುರಿಗಳ ಅರಚಾಟ.

"ಮಲ್ಲಿನಾಥ ಮಾತಾಡ್ಲಿಕತ್ತೀನ್ರಿ, ಜರಾ ಜೋರ್ ಹೇಳ್ರಿ, ಕುರಿಗಿ ಸೂಜಿ ಹಾಕ್ಲಿಕತ್ತೀವಿ!"

"ನಾನ್ರಿ, ಭಾಗ್ಯ. ಮೊನ್ನಿ ಮಾಳಗಿ ಮ್ಯಾಲ ಓನ್ಲಿ ಅಂದ್ರಲ್ಲ, ಎದಕ್ಕಂದ್ರಿ?"

ಆ ಪ್ರಶ್ನೆಗೆ ಮೊದಲು ಕುರಿಗಳೇ ಉತ್ತರ ಕೊಟ್ಟವು. ಆಮೇಲೆ ಅವನು ನಡೆದು ದೂರ ಬಂದಿರಬೇಕು, ಅರಚಾಟ ಕಡಿಮೆಯಾಯಿತು.

"ತಪ್ಪಾತೇನ್ರಿ? ನಿಮ್ಮ ಮಾಮಾ ಏನರ ಅಂದ್ರೇನು?"

"ಮಾಮಾ ಭಾಳ ಅಂದ್ರು. ನೀವ್ ಹೇಳ್ರಿ."

"ಏನಿಲ್ರಿ. ನಿಮಗ ಇಂಗ್ಲಿಷ್ ಭಾಳ ಬರ್ತದಂತ ಅಂದಿದ್ರು. ಅದಕ್ಕ ಬಸ್ಸಿನ್ಯಾಗ ಬರೂಮುಂದ ಐ ಲೈಕ್ ಯೂ ಅಂತ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಹುಡಿಗಿ ಯಾರೇ ಇರ್ಲಿ, ಪಸಂದ್ ಬಂದ್ರ ಅಷ್ಟಂದು ಇಳದು ಬಂದ್ಬಿಡೋದಂತ." ಅವನು ತಡೆದ. "ನಿಮ್ಮ ಕೂಡ ಮಾತಾಡಿದ ಮ್ಯಾಲ ಅದು ಕಡಿಮಿ ಬಿತ್ರಿ. ಇನ್ನೊಂದೇನರ ಹಚ್ಚಬೇಕನ್ನಿಸ್ತು. ನನಗ ಬರೂದು ಅದೊಂದೇ ಇತ್ತು, ಹಚ್ಚಿಬಿಟ್ಟೆ."

ಭಾಗ್ಯ ಮೊಬೈಲನ್ನು ಬಾಯಿಂದ ದೂರ ಹಿಡಿದು, ಮಾಳಿಗೆಯ ಆ ತುದಿಗೆ ಮುಖ ತಿರುಗಿಸಿದಳು. ನಾನು ನೋಡಲಿಲ್ಲ. ನನ್ನ ಕಣ್ಣಿಗೂ ಏನೋ ಆಗಿತ್ತು, ದೂರಲು ಮೆಣಸಿನಕಾಯಿಯೂ ಇರಲಿಲ್ಲ, ಮೊನ್ನೆಯೇ ಬಾಚಿ ಒಳಗಿಟ್ಟಿದ್ದರು.

"ಅಲ್ಲಿ ಇದ್ದೀರೇನ್ರಿ?" ಎಂದು ಮೊಬೈಲು ಕೇಳಿತು.

"ಇದ್ದೀನ್ರಿ. ಮೊದಲ ಆ ಕುರಿಗಿ ಸೂಜಿ ಹಾಕಿ ಮುಗಸ್ರಿ," ಎಂದು ಭಾಗ್ಯ ಕಟ್ ಮಾಡಿದಳು.

ಅಷ್ಟರಲ್ಲಿ ಕೆಳಗಿನಿಂದ ಅಕ್ಕನ ದನಿ. ಲ್ಯಾಂಡ್‌ಲೈನಿನ ಕಾಲದಲ್ಲಿ ಬೆಳೆದವಳು, ಮೊಬೈಲಿಗೆ ಅಂಗೈ ಮುಚ್ಚಿಕೊಂಡು ಕೂಗಿದರೆ ಆ ಕಡೆಯವರಿಗೆ ಕೇಳಿಸುವುದಿಲ್ಲ ಎಂದು ಈಗಲೂ ನಂಬಿದ್ದಾಳೆ. "ಏ ಭಾಗ್ಯಾ! ಅವರಕ್ಕಂದು ಫೋನ್ ಬಂದದ. ಗುರುವಾರ ಆತಲ್ಲ ಅಂತ ಕೇಳ್ಲಿಕತ್ತಾರ. ಏನಂತ ಹೇಳ್ಲೇ?"

ಭಾಗ್ಯ ಗೋಡೆಯ ಮೇಲಿಂದ ಬಗ್ಗಿ, ಅಕ್ಕಪಕ್ಕದ ಮನೆಯವರೂ ಹೊರಗೆ ಬಂದು ನೋಡುವ ಹಾಗೆ ಕೂಗಿದಳು: "ಹೂಂ ಅಂತನೇ ಹೇಳು!"

ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಸೇ ಯೆಸ್ ಓನ್ಲಿ ಎಂದಾಗುತ್ತದೆ. ತಪ್ಪು ವಾಕ್ಯ. ಪಕ್ಕದಲ್ಲೇ ಇಂಗ್ಲಿಷ್ ಮೇಷ್ಟ್ರೊಬ್ಬರು ನಿಂತಿದ್ದರು, ತಿದ್ದಲು ಹೋಗಲಿಲ್ಲ.